ಎರಡನೆಯ ಡಬ್ಬಿಯ ತಳ

ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಟಕ್ಕಕ್ಕ. ಅದಕ್ಕೆ ಕಾರಣ ಅವಳ ಕೆಲಸ. ಗೋಪುರಕ್ಕೆ ಬಣ್ಣ ಬಳಿಯುವವರು, ಗಾಜಿನ ಕಟ್ಟಡ ಒರೆಸುವವರು, ಕರೆಂಟು ಕಂಬ ಹತ್ತುವವರು ಸೊಂಟದ ಪಟ್ಟಿಯಿಂದ ಹಗ್ಗಕ್ಕೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಉಕ್ಕಿನ ಕೊಕ್ಕೆಯನ್ನು ಅಲ್ಲಿ ತಯಾರಿಸುತ್ತಿದ್ದರು. ಕೊಕ್ಕೆಯ ಬಾಯಿಗೆ ಒಂದು ಪುಟ್ಟ ಬಾಗಿಲು. ಬಾಗಿಲ ಹಿಂದೆ ಕಿರುಬೆರಳ ಉಗುರಿನಷ್ಟು ಸ್ಪ್ರಿಂಗು. ಬಾಗಿಲನ್ನು ಒತ್ತಿ ಬಿಟ್ಟರೆ ಸ್ಪ್ರಿಂಗು ಅದನ್ನು ತಳ್ಳಿ ‘ಟಕ್’ ಎಂದು ಮುಚ್ಚಬೇಕು. ಮುಚ್ಚದಿದ್ದರೆ ಮೊದಲು ಹಗ್ಗ ಜಾರುತ್ತದೆ, ಆಮೇಲೆ ಮನುಷ್ಯ. ಸ್ಪ್ರಿಂಗು ಕೂರಿಸಿ, ಬಾಗಿಲು ಒತ್ತಿ, ಸದ್ದು ಕೇಳಿ, ಕೊಕ್ಕೆಯನ್ನು ಪಕ್ಕದ ಪ್ರೆಸ್ಸು ಯಂತ್ರಕ್ಕೆ ತಳ್ಳುವುದು ಅವಳ ಪಾಲಿನ ಕೆಲಸ. ದಿನವಿಡೀ ಟಕ್, ಟಕ್.

“ಟಕ್ಕಕ್ಕ ಅಂದ್ರೆ ಯಾರಿಗೋ ಟೋಪಿ ಹಾಕಿ ಬಂದೋಳ ಹೆಸರಿದ್ದ ಹಾಗಿದೆ ಕಣ್ರೇ,” ಎಂದು ಅವಳೇ ನಗುತ್ತಿದ್ದಳು.

ನಗುತ್ತಿದ್ದಳು ನಿಜ, ಆದರೆ ಸ್ವಭಾವದಲ್ಲಿ ಅವಳು ಪುಕ್ಕಲು. ಮನೆಗೆ ಬೀಗ ಹಾಕಿದ ಮೇಲೆ ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುವವಳು. ಮಗಳು ಕಾಲೇಜಿನಿಂದ ಬರುವುದು ಸ್ವಲ್ಪ ತಡವಾದರೂ ಕಿಟಕಿಯ ಸರಳು ಹಿಡಿದು ನಿಲ್ಲುವವಳು. ಅಂಥವಳಿಗೆ ಕಾರ್ಖಾನೆಯಲ್ಲಿ ಧೈರ್ಯ ಕೊಡುತ್ತಿದ್ದುದು ಬೆನ್ನ ಹಿಂದಿನ ರ‍್ಯಾಕು. ನೆಲದಿಂದ ಸೂರಿನವರೆಗೆ ಸ್ಪ್ರಿಂಗಿನ ಪೆಟ್ಟಿಗೆಗಳು ಗೋಡೆಯಂತೆ ನಿಂತಿರುತ್ತಿದ್ದವು. ಹೊರಗೆ ಏನೇ ಆಗಲಿ, ಲಾರಿ ಬರಲಿ ಬಿಡಲಿ, ತನ್ನ ಕೈಗೆ ಕೆಲಸ ತಪ್ಪದು ಎನ್ನುವ ಸಮಾಧಾನ.

ಒಂದು ದಿನ ಆ ರ‍್ಯಾಕಿನ ಪ್ರತಿ ಪೆಟ್ಟಿಗೆಯ ಮೇಲೂ ‘ತೆಗೆಯಬೇಕು’ ಎಂಬ ಒಂದೊಂದು ಕೆಂಪು ಚೀಟಿ ಅಂಟಿತು.

ಅಂಟಿಸಿದವರು ಹೊಸದಾಗಿ ಬಂದ ಅಧಿಕಾರಿ. ತೆಳ್ಳಗಿನ ಮನುಷ್ಯ, ಮೆತ್ತಗಿನ ಮಾತು. ಕಾರ್ಖಾನೆಗೆ ಏನನ್ನೂ ಕೂಡಿಡದೆ ಕೆಲಸ ನಡೆಸುವ ‘ಲೀನ್’ ಪದ್ಧತಿ ಕಲಿಸಲು ಅವರನ್ನು ಕರೆಸಿದ್ದರು. ಏನೇ ಹೇಳಿದರೂ “ಯಾಕೆ?” ಎನ್ನುತ್ತಿದ್ದರು. ಉತ್ತರ ಕೊಟ್ಟರೆ ಅದಕ್ಕೂ “ಯಾಕೆ?” ಹೀಗೆ ಐದು ಸಲ ಕೇಳಿದರೆ ತೊಂದರೆಯ ಬುಡ ಸಿಗುತ್ತದೆ ಎನ್ನುವುದು ಅವರ ನಂಬಿಕೆ. ವಾರ ಕಳೆಯುವುದರೊಳಗೆ ಅವರು ಎಲ್ಲರಿಗೂ ‘ಯಾಕೆ ಸಾರ್’ ಆದರು.

“ಈ ರ‍್ಯಾಕಲ್ಲಿ ಕೂತಿರೋದು ಬರೀ ಸಾಮಾನಲ್ಲಮ್ಮ, ನಮ್ಮ ತಪ್ಪುಗಳು,” ಎಂದು ಅವರು ಅವಳಿಗೇ ಹೇಳಿದರು. “ಸಾಮಾನು ಕೆಟ್ಟು ಬಂದ್ರೂ ಗೊತ್ತಾಗಲ್ಲ, ಮೆಷಿನ್ ನಿಂತ್ರೂ ಗೊತ್ತಾಗಲ್ಲ. ರಾಶಿ ಎಲ್ಲಾನೂ ಮುಚ್ಚಿಬಿಡುತ್ತೆ. ಬೇಕಾದಾಗ, ಬೇಕಾದಷ್ಟೇ ಬರಬೇಕು. ಆಗ ಎಲ್ಲಾ ಕಣ್ಣಿಗೆ ಕಾಣುತ್ತೆ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ರ‍್ಯಾಕು ಕಿತ್ತಾಗ ಅಡಿಯಲ್ಲಿ ಯಾವ ಕಾಲದ್ದೋ ತುಕ್ಕು ಹಿಡಿದ ಸ್ಪ್ರಿಂಗುಗಳು ಮೊರದಷ್ಟು ಸಿಕ್ಕವು. ಅವಳ ಮೇಜನ್ನು ಅಳತೆ ನೋಡಿ ಎತ್ತರಿಸಿದರು, ವರ್ಷಗಳಿಂದ ಕಾಡುತ್ತಿದ್ದ ಸೊಂಟನೋವು ಹೇಳದೆ ಕೇಳದೆ ಹೊರಟುಹೋಯಿತು. ನೆಲಕ್ಕೆ ಹಳದಿ ಗೆರೆ ಬಿತ್ತು. ಎಲ್ಲರ ತಲೆಯ ಮೇಲೂ ಒಂದೊಂದು ಕೆಂಪು ಹಗ್ಗ ಇಳಿಯಿತು. ತಪ್ಪು ಕಂಡರೆ, ಸಾಮಾನು ಮುಗಿದರೆ, ಯಾರು ಬೇಕಾದರೂ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು. “ಎಳೆದವರನ್ನ ಯಾರೂ ಬೈಯಲ್ಲ,” ಎಂದರು ಯಾಕೆ ಸಾರ್. ಅವರ ಹಿಂದೆ ನಿಂತಿದ್ದ ಸೂಪರ್‌ವೈಸರ್ ಮುಖ ಮಾತ್ರ ಬೇರೆಯದನ್ನೇ ಹೇಳುತ್ತಿತ್ತು.

ರ‍್ಯಾಕಿದ್ದ ಜಾಗ ಖಾಲಿಯಾಯಿತು. ಈಗ ಅವಳ ಎದುರಿಗೆ ಎರಡು ನೀಲಿ ಡಬ್ಬಿಗಳು. ಒಂದು ಖಾಲಿಯಾದರೆ ಅದು ಊರಿನ ಆ ತುದಿಯಲ್ಲಿ ಸ್ಪ್ರಿಂಗು ತಯಾರಿಸುತ್ತಿದ್ದ ಸ್ಪ್ರಿಂಗ್ ಶಾಪಿಗೆ ಹೋಗುತ್ತದೆ. ಅದು ತುಂಬಿ ವಾಪಸು ಬರುವವರೆಗೆ ಎರಡನೆಯದರಲ್ಲಿ ಕೆಲಸ ಸಾಗಬೇಕು. ಎರಡನೆಯದು ಮುಗಿಯುವುದರೊಳಗೆ ಮೊದಲನೆಯದು ಬರಲೇಬೇಕು.

ಅದನ್ನು ಟೆಂಪೋದಲ್ಲಿ ಹೊತ್ತು ತರುತ್ತಿದ್ದವನು ಅವಳ ಗಂಡ.

ಅವನು ಸ್ಪ್ರಿಂಗ್ ಶಾಪಿನ ಡ್ರೈವರ್. ಮೊದಲು ವಾರಕ್ಕೊಮ್ಮೆ ಲೋಡು ತಂದು ಇಳಿಸಿ, ಗೇಟಿನವನ ಜೊತೆ ಹರಟೆ ಹೊಡೆದು, ಹೆಂಡತಿಗೆ ದೂರದಿಂದಲೇ ಹುಬ್ಬು ಹಾರಿಸಿ ಹೋಗುತ್ತಿದ್ದವನು. ಈಗ ದಿನಕ್ಕೆ ನಾಲ್ಕಾರು ಸಲ ಓಡಬೇಕಾಯಿತು. ಪ್ರತಿ ಸಲಕ್ಕೂ ಒಂದು ವೇಳೆ ಗೊತ್ತುಮಾಡಿದ್ದರು. ಗೇಟಿನ ಪಕ್ಕ ಒಂದು ಬೋರ್ಡು ತೂಗುಹಾಕಿದ್ದರು, ವೇಳೆಗೆ ಬಂದ ಗಾಡಿಗೆ ಹಸಿರು ಬೊಟ್ಟು, ತಡವಾದ ಗಾಡಿಗೆ ಕೆಂಪು ಬೊಟ್ಟು. ಕೆಂಪು ಹೆಚ್ಚಾದರೆ ಆರ್ಡರು ಬೇರೆ ಶಾಪಿಗೆ.

ಮೊದಮೊದಲು ಮನೆಯಲ್ಲಿ ಇದೆಲ್ಲ ತಮಾಷೆಯಾಗಿತ್ತು. ಅವಳ ಅತ್ತೆ ಹರಿದ ಚೀಲ, ಒಡೆದ ಗುಂಡಿ, ತುಂಡು ದಾರ ಯಾವುದನ್ನೂ ಎಸೆಯದ ಮುದುಕಿ. “ಯಾಕೆ ಸಾರ್ ನಮ್ಮನೆಗೆ ಬಂದ್ರೆ ಮೊದಲು ಅಮ್ಮನ ಟ್ರಂಕಿಗೆ ಚೀಟಿ ಅಂಟಿಸ್ತಾರೆ,” ಎಂದು ಗಂಡ ನಗಿಸುತ್ತಿದ್ದ. “ಅಂಟಿಸಲಿ, ಆ ಚೀಟೀನೂ ಎತ್ತಿಟ್ಕೋತೀನಿ,” ಎನ್ನುತ್ತಿದ್ದಳು ಅತ್ತೆ.

ಆದರೆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಎರಡನೆಯ ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದಾಗ ಅವಳ ಬೆರಳಿಗೆ ತಳ ತಾಗಿತು. ತಣ್ಣಗಿನ, ನುಣುಪಾದ ಪ್ಲಾಸ್ಟಿಕ್ಕು. ಮೊದಲನೆಯದು ವಾಪಸು ಬರುವ ಮುಂಚೆ ಹಿಂದೆಂದೂ ಅವಳಿಗೆ ಅದು ತಾಗಿರಲಿಲ್ಲ. ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಗಾಡಿ ಇಲ್ಲ. ಇನ್ನೊಂದು ಹಿಡಿಯಷ್ಟು ಉಳಿದಿತ್ತು. ಎಲ್ಲಿದ್ದಾನೆ? ಟಯರು ಹೋಯಿತೇ? ಯಾರಿಗಾದರೂ ಗುದ್ದಿದನೇ? ಅವನಿಗೇ ಯಾರಾದರೂ ಗುದ್ದಿದರೇ? ಪ್ರತಿ ‘ಟಕ್’ಗೂ ಡಬ್ಬಿಯಲ್ಲಿ ಒಂದು ಕಡಿಮೆ. ಕೊನೆಯ ಕೆಲವನ್ನು ಒಂದೊಂದಾಗಿ ಆರಿಸುತ್ತಿರುವಾಗ ಟೆಂಪೋದ ಹಾರ್ನು ಕೇಳಿಸಿತು. ಡಬ್ಬಿ ಹೊತ್ತು ಒಳಗೆ ಬಂದವನ ಅಂಗಿ ಬೆನ್ನಿಗೆ ಅಂಟಿಹೋಗಿತ್ತು. ಅವನು ಹುಬ್ಬು ಹಾರಿಸಲಿಲ್ಲ. ಅವಳ ಕಡೆ ನೋಡಲೂ ಇಲ್ಲ.

ಅಲ್ಲಿಂದ ಮುಂದೆ ಅವಳ ದಿನಗಳೆಲ್ಲ ಒಂದೇ ಥರ ಆದವು. ಡಬ್ಬಿ ತುಂಬಿ ಬಂದಾಗ ಎದೆ ಹಗುರ. ಅರ್ಧವಾದಾಗ ಅಂಗೈ ಬೆವರು. ತಳ ಕಾಣತೊಡಗಿದಾಗ ಕಣ್ಣೆಲ್ಲ ಬಾಗಿಲ ಕಡೆ. ಮೊದಲು ಅವಳ ಬೆನ್ನ ಹಿಂದೆ ರಾಶಿ ಬಿದ್ದಿದ್ದ ಸ್ಪ್ರಿಂಗೆಲ್ಲ ಈಗ ರಸ್ತೆಯ ಮೇಲೆ, ಗಂಡನ ಟೆಂಪೋದಲ್ಲಿ, ಬಸ್ಸು ಲಾರಿಗಳ ನಡುವೆ ಓಡಾಡುತ್ತಿತ್ತು.

ಒಂದು ಸಂಜೆ ಅವನು ಊಟಕ್ಕೆ ಕೂತವನು ತಟ್ಟೆಗೆ ಕೈ ಹಾಕಲಿಲ್ಲ. ಅತ್ತೆ ಒಳಗಿದ್ದಳು, ಮಗಳು ಓದುತ್ತಿದ್ದಳು.

“ಏನಾಯ್ತು ರೀ?”

“ಒಬ್ಬ ಮುದುಕ ಅಡ್ಡ ಬಂದ.” ತಟ್ಟೆ ಅತ್ತ ಸರಿಸಿದ. “ಅಡ್ಡ ಬರಲಿಲ್ಲ ಕಣೇ. ಅವನ ಪಾಡಿಗೆ ಅವನು ದಾಟ್ತಾ ಇದ್ದ. ಅಡ್ಡ ಹೋಗಿದ್ದು ನಾನು. ಕೈಯಲ್ಲಿದ್ದ ಚೀಲ ಗಾಡಿಗೆ ತಗುಲಿ ಹಾರಿಹೋಯ್ತು. ಒಂದು ಗೇಣು ಈ ಕಡೆ ಇದ್ದಿದ್ರೆ ಅವನೇ.”

“ಪೆಟ್ಟಾಯ್ತಾ?”

“ಇಲ್ಲ. ಬೈದೂ ಇಲ್ಲ. ಸುಮ್ನೆ ನನ್ನ ಮುಖ ನೋಡ್ತಾ ನಿಂತ. ನಾನು ಇಳೀಲಿಲ್ಲ ಕಣೇ. ಟೈಮ್ ಆಗಿತ್ತು.”

ಅವನು ತಟ್ಟೆ ಮುಟ್ಟದೆಯೇ ಎದ್ದುಹೋದ. ಮದುವೆಯಾದಂದಿನಿಂದ ಅವನು ಹಾಗೆ ಊಟ ಬಿಟ್ಟು ಎದ್ದದ್ದನ್ನು ಅವಳು ಕಂಡಿರಲಿಲ್ಲ.

ಮರುದಿನದಿಂದ ಅವಳು ಸ್ಪ್ರಿಂಗು ಕದ್ದಿಡತೊಡಗಿದಳು. ಕದಿಯುವುದು ಎಂದರೆ ಹೊರಗೆ ಸಾಗಿಸುವುದಲ್ಲ. ಲೆಕ್ಕ ಕಡಿಮೆಯಾಯಿತೆಂಬ ದೂರು ಬರಬಾರದೆಂದು ಸ್ಪ್ರಿಂಗ್ ಶಾಪಿನವರು ಪ್ರತಿ ಡಬ್ಬಿಗೂ ಒಂದು ಚಿಟಿಕೆ ಹೆಚ್ಚಿಗೆ ಹಾಕಿ ಕಳಿಸುತ್ತಿದ್ದರು. ಉಳಿದದ್ದನ್ನು ಡಬ್ಬಿಯಲ್ಲೇ ಬಿಟ್ಟು ವಾಪಸು ಕಳಿಸಬೇಕು ಎನ್ನುವುದು ನಿಯಮ. ಅವಳು ಅದನ್ನು ಬಿಡಲಿಲ್ಲ. ಮೇಜಿನ ಕೆಳಗೆ ಎಣ್ಣೆ ಒರೆಸುವ ಬಟ್ಟೆಯ ಬುಟ್ಟಿಯಿತ್ತು. ಅದರ ಅಡಿಯಲ್ಲಿ ಒಂದು ತಗಡಿನ ಡಬ್ಬ ಇಟ್ಟಳು. ಈವತ್ತು ಒಂದಿಷ್ಟು, ನಾಳೆ ಒಂದಿಷ್ಟು. ಡಬ್ಬ ಅರ್ಧ ತುಂಬಿದಾಗ ಗಂಡನಿಗೆ ಹೇಳಿದಳು: “ಇನ್ಮೇಲೆ ನಿಧಾನಕ್ಕೆ ಬನ್ನಿ.”

“ಬೊಟ್ಟು ಬೀಳುತ್ತಲ್ಲೇ?”

“ಒಂದೆರಡು ಬೀಳಲಿ. ಲೈನ್ ನಿಂತ್ರೆ ತಾನೇ ದೊಡ್ಡ ರಂಪ. ಅದು ನಿಲ್ಲಲ್ಲ, ನಾನು ನೋಡ್ಕೋತೀನಿ.”

“ಹೇಗೆ?”

“ಅದೆಲ್ಲಾ ನಿಮಗ್ಯಾಕೆ?”

ಅವನು ಕೆದಕಲಿಲ್ಲ. ಬಹುಶಃ ಕೆದಕಿದರೆ ಬೇಡ ಎನ್ನಬೇಕಾಗುತ್ತದೆಂದು ಗೊತ್ತಿತ್ತು. ಗಾಡಿ ತಡವಾದ ದಿನ ಅವಳು ಬಟ್ಟೆ ತೆಗೆದುಕೊಳ್ಳುವ ನೆವದಲ್ಲಿ ಬಗ್ಗಿ, ಒಂದು ಹಿಡಿ ತಂದು ಡಬ್ಬಿಗೆ ಸುರಿದುಕೊಳ್ಳುತ್ತಿದ್ದಳು. ಪಕ್ಕದ ಪ್ರೆಸ್ಸಿನವಳು ನೋಡಿಯೂ ನೋಡದವಳ ಹಾಗೆ ಇದ್ದಳು. ಗಂಡ ಮತ್ತೆ ಹೊಟ್ಟೆ ತುಂಬ ಉಣ್ಣತೊಡಗಿದ. ತಾನು ಮಾಡಿದ್ದು ತಪ್ಪು ಎಂದು ಅವಳಿಗೆ ಅನ್ನಿಸಲೇ ಇಲ್ಲ. ಸಿಕ್ಕಿಬಿದ್ದರೆ ಎನ್ನುವ ಹೆದರಿಕೆ ಮಾತ್ರ ಇತ್ತು, ಆದರೆ ಅದು ರಸ್ತೆಯ ಹೆದರಿಕೆಗಿಂತ ಚಿಕ್ಕದು.

ಹೀಗಿರುವಾಗ ಒಂದು ಬೆಳಿಗ್ಗೆ ಸೂಪರ್‌ವೈಸರ್ ಎಲ್ಲರನ್ನೂ ಹಳದಿ ಗೆರೆಯ ಬಳಿ ನಿಲ್ಲಿಸಿದ. ಸ್ಪ್ರಿಂಗ್ ಶಾಪಿನ ಕುಲುಮೆಯಲ್ಲಿ ಶಾಖ ಏರುಪೇರಾಗಿತ್ತಂತೆ. ಒಂದಷ್ಟು ದಿನದ ಸ್ಪ್ರಿಂಗುಗಳು ಹದ ತಪ್ಪಿ ಗಡುಸಾಗಿವೆ. ನೋಡಲು ಚೆನ್ನಾಗೇ ಇರುತ್ತವೆ, ಒತ್ತಿದರೆ ಟಕ್ ಅನ್ನುತ್ತವೆ. ಆದರೆ ಹತ್ತಾರು ಸಲ ಒತ್ತಿದ ಮೇಲೆ ಗಾಜಿನ ಹಾಗೆ ಮುರಿಯುತ್ತವೆ.

“ಹೆದರೋದು ಬೇಡ,” ಎಂದರು ಯಾಕೆ ಸಾರ್. “ಪ್ರತಿ ಡಬ್ಬಿ ಮೇಲೂ ಚೀಟಿ ಇದೆ. ಯಾವ ಡಬ್ಬೀದು ಯಾವ ಕೊಕ್ಕೆಗೆ ಹೋಗಿದೆ ಅಂತ ಗೊತ್ತಿದೆ. ಅಷ್ಟನ್ನೂ ವಾಪಸ್ ತರಿಸಿದ್ದೀವಿ. ಹಳೇ ರಾಶಿ ಇದ್ದಿದ್ರೆ ಎಲ್ಲಾ ಕಲಸಿಹೋಗಿರೋದು, ಹುಡುಕೋಕೇ ಆಗ್ತಿರಲಿಲ್ಲ.”

ಟಕ್ಕಕ್ಕನಿಗೆ ಕಿವಿಯೊಳಗೆ ಗುಯ್ ಎಂದಿತು. ಚೀಟಿಯಿಲ್ಲದ, ಎಲ್ಲ ದಿನಗಳದ್ದೂ ಕಲಸಿಹೋದ ಒಂದು ರಾಶಿ ಅವಳ ಮೇಜಿನ ಕೆಳಗಿತ್ತು. ಕುಲುಮೆ ಕೆಟ್ಟಂದಿನಿಂದ ಗಾಡಿ ತಡವಾಗಿರಲಿಲ್ಲ, ಅವಳು ಅದಕ್ಕೆ ಸೇರಿಸಿದ್ದಳೇ ಹೊರತು ಅದರಿಂದ ತೆಗೆದಿರಲಿಲ್ಲ.

ಆಗಲೇ ಹೇಳಿಬಿಡಬೇಕಿತ್ತು. ಎಲ್ಲರ ಜೊತೆ ಅವಳೂ ತನ್ನ ಮೇಜಿಗೆ ಮರಳಿದಳು. ಇದನ್ನು ಮುಟ್ಟಲೇಬಾರದು, ಸಂಜೆ ಚೀಲಕ್ಕೆ ಹಾಕಿಕೊಂಡು ಹೋಗಿ ಎಲ್ಲಾದರೂ ಎಸೆದುಬಿಡುತ್ತೇನೆ ಎಂದುಕೊಂಡಳು. ಹಾಗೆ ಅಂದುಕೊಂಡ ಮೇಲೆ ಮತ್ತೆ ಕೆಲಸಕ್ಕೆ ಕೈ ಹಾಕಿದಳು.

ಆ ದಿನ ಸ್ಪ್ರಿಂಗ್ ಶಾಪಿನಲ್ಲಿ ಎಲ್ಲವನ್ನೂ ಹೊಸದಾಗಿ ಮಾಡುತ್ತಿದ್ದರು. ಮಧ್ಯಾಹ್ನ ದಾಟಿದರೂ ಗಾಡಿ ಬರಲಿಲ್ಲ. ಡಬ್ಬಿಯ ತಳ ಕಂಡಿತು. ಸೂಪರ್‌ವೈಸರ್ ಅವಳ ಪಕ್ಕದಲ್ಲೇ ನಿಂತು ಫೋನಿನಲ್ಲಿ ಕೂಗಾಡುತ್ತಿದ್ದ: “ಕೆಟ್ಟ ಮಾಲು ಕೊಟ್ಟಿದ್ದೂ ಅಲ್ದೆ ಲೇಟ್ ಬೇರೆನಾ? ಈವತ್ತು ಲೈನ್ ನಿಂತ್ರೆ ನಾಳೆಯಿಂದ ನಿಮ್ಮ ಗಾಡಿ ಗೇಟಿನೊಳಗೆ ಬರೋದೇ ಬೇಡ ಹೇಳಿಬಿಡಿ!”

ಅವನು ಆ ಕಡೆ ತಿರುಗಿದ. ಅವಳು ತಲೆಯ ಮೇಲಿನ ಕೆಂಪು ಹಗ್ಗ ನೋಡಿದಳು. ಕೈ ಮೇಲೇಳಲಿಲ್ಲ. ಎಷ್ಟೋ ದಿನದ ಅಭ್ಯಾಸ ಅದನ್ನು ಕೆಳಕ್ಕೆ, ಬಟ್ಟೆಯ ಬುಟ್ಟಿಗೆ ಒಯ್ದಿತು. ಹಿಡಿ ತುಂಬ ತಂದಳು. ಒಂದೊಂದನ್ನೂ ಎರಡು ಬೆರಳ ನಡುವೆ ಒತ್ತಿ ನೋಡಿ ಕೂರಿಸಿದಳು. ಎಲ್ಲವೂ ಟಕ್ ಎಂದವು. ಒಂದಾದರೂ ಮುರಿದಿದ್ದರೆ ನಿಲ್ಲಿಸಿರುತ್ತಿದ್ದಳೇನೋ. ಅದು ಖಾಲಿಯಾಗಿ ಇನ್ನೊಂದು ಹಿಡಿಗೆ ಬಗ್ಗುವ ಹೊತ್ತಿಗೆ ಗಂಡ ಬಂದ.

ಹಳೆಯ ಕಾಲದಲ್ಲಾದರೆ ಆ ಕೊಕ್ಕೆಗಳು ಗೋದಾಮಿನಲ್ಲಿ ತಿಂಗಳುಗಟ್ಟಲೆ ಧೂಳು ಕುಡಿಯುತ್ತ ಬಿದ್ದಿರುತ್ತಿದ್ದವು. ಈಗ ಯಾವುದೂ ಎಲ್ಲಿಯೂ ಕಾಯುವಂತಿರಲಿಲ್ಲ. ಅವಳು ಕೈ ತೊಳೆದು ಹೊರಗೆ ಬರುವಾಗ ಅವು ಪೆಟ್ಟಿಗೆ ಸೇರಿ, ಪೆಟ್ಟಿಗೆ ಲಾರಿ ಸೇರಿ, ಲಾರಿ ಗೇಟು ದಾಟುತ್ತಿತ್ತು.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋದಳು. ಡಬ್ಬವನ್ನು ಚೀಲದಿಂದ ತೆಗೆದು, ಸ್ಪ್ರಿಂಗುಗಳನ್ನು ತಟ್ಟೆಗೆ ಸುರಿದಳು. ಇಕ್ಕಳದಿಂದ ಒಂದೊಂದನ್ನೇ ಹಿಡಿದು ಒತ್ತುವುದು, ಬಿಡುವುದು, ಒತ್ತುವುದು. ಏನೂ ಆಗಲಿಲ್ಲ. ಸುಮ್ಮನೆ ಹೆದರಿದೆನಲ್ಲ ಎನಿಸಿ ಮತ್ತೊಂದನ್ನು ಎತ್ತಿಕೊಂಡಳು. ಅದನ್ನೂ ಹಲವು ಸಲ ಒತ್ತಿದಳು. ಇನ್ನೊಮ್ಮೆ ಒತ್ತಿದಾಗ ಸಣ್ಣ ಸದ್ದಾಯಿತು, ಒಣ ಕಡ್ಡಿ ಮುರಿದಂತೆ. ಅರ್ಧ ತುಂಡು ಇಕ್ಕಳದಲ್ಲಿ ಉಳಿಯಿತು, ಅರ್ಧ ಎಲ್ಲೋ ಹಾರಿ ಪಾತ್ರೆಗೆ ಬಡಿಯಿತು.

ಅವಳು ಹಾಗೇ ನೆಲಕ್ಕೆ ಕೂತಳು. ಬಾಗಿಲಲ್ಲಿ ಗಂಡ ನಿಂತಿದ್ದ.

ಎಲ್ಲ ಹೇಳಿದಳು. ಅವನು ಕೇಳುತ್ತ ಕೇಳುತ್ತ ಗೋಡೆಗೆ ಒರಗಿದ.

“ಯಾರಿಗೂ ಹೇಳ್ಬೇಡ,” ಎಂದ ಮೊದಲು. ಅವನ ದನಿ ಅವನದಾಗಿರಲಿಲ್ಲ. “ನಿನ್ನ ಕೆಲಸ ಹೋಗುತ್ತೆ, ನಂದೂ ಹೋಗುತ್ತೆ. ಪೊಲೀಸು ಗಿಲೀಸು ಅಂದ್ರೆ? ಮಗಳ ಗತಿ ಏನು? ಎಲ್ಲಾ ಮುರಿಯಲ್ಲ ತಾನೇ? ಒಂದೋ ಎರಡೋ.”

“ಒಂದಕ್ಕೆ ಒಬ್ಬ ಮನುಷ್ಯ ರೀ.”

ಅವನು ಬಂದು ಪಕ್ಕದಲ್ಲಿ ಕೂತು, ನೆಲ ತಡವಿ ಮುರಿದ ಇನ್ನೊಂದು ತುಂಡು ಹುಡುಕತೊಡಗಿದ. ಸಿಕ್ಕಿದಾಗ ಅದನ್ನು ಅವಳ ಅಂಗೈಗೆ ಹಾಕಿದ. “ಇದನ್ನೂ ತಗೊಂಡು ಹೋಗು. ತೋರಿಸಬೇಕಾಗುತ್ತೆ.”

ಮರುದಿನ ಕಾರ್ಖಾನೆಗೆ ಹೋಗುವ ದಾರಿಯಲ್ಲಿ, ಬಸ್ಸು ಸಿಗ್ನಲಿಗೆ ನಿಂತಾಗ ಅವಳು ಕಿಟಕಿಯಿಂದ ಮೇಲೆ ನೋಡಿದಳು. ಒಂದು ಎತ್ತರದ ಕಟ್ಟಡದ ಗೋಡೆಗೆ ಇಬ್ಬರು ಬಣ್ಣದವರು ಹಗ್ಗದಲ್ಲಿ ನೇತಾಡುತ್ತಿದ್ದರು. ಒಬ್ಬ ಇನ್ನೊಬ್ಬನಿಗೆ ಏನೋ ಹೇಳಿ ನಗುತ್ತ, ಕಾಲಿನಿಂದ ಗೋಡೆ ಒದ್ದು ತೂಗುಯ್ಯಾಲೆಯಾಡಿದ. ಅವನ ಸೊಂಟದ ಬಳಿ ಬಿಸಿಲಿಗೆ ಏನೋ ಮಿಂಚಿತು. ಬಸ್ಸು ಹೊರಟ ಮೇಲೂ ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು, ಅವನು ಅಲ್ಲಿಯೇ ಇದ್ದಾನೆ ಎನ್ನುವುದು ಖಾತ್ರಿಯಾಗಬೇಕು ಎನ್ನುವಂತೆ.

ಕೆಲಸ ಶುರುವಾಗುವ ಗಂಟೆ ಹೊಡೆಯಿತು. ಮೊದಲ ಕೊಕ್ಕೆ ಅವಳ ಮುಂದೆ ಬಂದು ನಿಂತಿತು. ಅವಳು ಅದನ್ನು ಮುಟ್ಟದೆ ಎದ್ದು ನಿಂತು ಕೆಂಪು ಹಗ್ಗ ಎಳೆದಳು.

ಅವಳು ದೊಡ್ಡ ಗಂಟೆಯ ಸದ್ದನ್ನು ನಿರೀಕ್ಷಿಸಿದ್ದಳು. ಆದರೆ ಹಗ್ಗಕ್ಕೆ ಜೋಡಿಸಿದ್ದು ಮಕ್ಕಳ ಆಟಿಕೆಯಂಥ ಒಂದು ಪುಟಾಣಿ ರಾಗ. ಇಡೀ ಶೆಡ್ಡು ನಿಶ್ಶಬ್ದವಾಗಿ, ಆ ರಾಗ ಒಂದೇ ನಗುನಗುತ್ತ ಸುತ್ತತೊಡಗಿತು. ಎಲ್ಲರೂ ತಿರುಗಿ ಅವಳನ್ನು ನೋಡಿದರು.

ಸೂಪರ್‌ವೈಸರ್ ಓಡಿ ಬಂದ. “ಏನಮ್ಮ? ಡಬ್ಬಿ ತುಂಬಿದೆಯಲ್ಲ, ಏನಾಯ್ತು?”

ಅವಳು ತಗಡಿನ ಡಬ್ಬವನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕ ಮುರಿದ ಎರಡು ತುಂಡು. ಅಷ್ಟರಲ್ಲಿ ಯಾಕೆ ಸಾರ್ ಬಂದರು. ಅವಳು ಅವರ ಮುಖ ನೋಡದೆ, ಡಬ್ಬ ನೋಡುತ್ತ ಹೇಳಿದಳು. ಎಲ್ಲಿ ಇಟ್ಟಿದ್ದು, ನಿನ್ನೆ ಯಾವ ಹೊತ್ತಿಗೆ ಹಾಕಿದ್ದು, ಸುಮಾರು ಎಷ್ಟು.

ಯಾಕೆ ಸಾರ್ ಆ ಹೊತ್ತು “ಯಾಕೆ?” ಎನ್ನಲಿಲ್ಲ. ಅವರ ತುಟಿ ಬಿಳಿಚಿಕೊಂಡಿತ್ತು. “ನಿನ್ನೆ ಸಂಜೆ ಹೋದ ಲಾರಿ ಎಲ್ಲಿದೆ ಕೇಳು,” ಎಂದು ಸೂಪರ್‌ವೈಸರನಿಗೆ ಹೇಳಿ, ತಾವೂ ಫೋನ್ ತೆಗೆದರು.

ಕೊಕ್ಕೆ ಕೊಳ್ಳುವ ಕಂಪನಿಯವರೂ ರಾಶಿ ಇಡುತ್ತಿರಲಿಲ್ಲ. ಲಾರಿ ಮುಂಜಾನೆಯೇ ಅವರ ಬಾಗಿಲಿಗೆ ಮುಟ್ಟಿತ್ತು. ಪೆಟ್ಟಿಗೆಗಳು ಇಳಿದ ಹಾಗೇ ಹಂಚಿಹೋಗಿದ್ದವು. ಕೆಲವು ಇನ್ನೂ ದಾರಿಯಲ್ಲಿದ್ದವು. ಒಂದು ಪೆಟ್ಟಿಗೆ ಎಲ್ಲೋ ಸೇತುವೆ ಕಟ್ಟುವಲ್ಲಿಗೆ ಆಗಲೇ ತಲುಪಿತ್ತು. ಸೇತುವೆಯವರ ಫೋನು ಯಾರೂ ಎತ್ತುತ್ತಿರಲಿಲ್ಲ.

ಅವಳನ್ನು ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಗಾಜಿನಾಚೆ ಯಾಕೆ ಸಾರ್ ಮತ್ತೆ ಮತ್ತೆ ಫೋನ್ ಒತ್ತುವುದು ಕಾಣುತ್ತಿತ್ತು. ಅವಳ ಮನಸ್ಸಿನಲ್ಲಿ ಸೇತುವೆ ಎದ್ದು ನಿಂತಿತು. ಒಬ್ಬ ಹೊಸ ಬೆಲ್ಟು ಕಟ್ಟಿಕೊಳ್ಳುತ್ತಾನೆ. ಕೊಕ್ಕೆಯ ಬಾಗಿಲು ಒತ್ತುತ್ತಾನೆ. ಟಕ್. ಒಂದು ಮೆಟ್ಟಿಲು ಹತ್ತಿ, ಬಿಚ್ಚಿ, ಮೇಲೆ ಸಿಕ್ಕಿಸುತ್ತಾನೆ. ಟಕ್. ಅವನು ಒತ್ತಿದ ಪ್ರತಿ ಸಲವನ್ನೂ ಅವಳು ತನ್ನ ಹಲ್ಲಿನ ನಡುವೆ ಅನುಭವಿಸಿದಳು. ದಾರಿಯಲ್ಲಿ ಹೋಗುವವರು ಯಾರೂ ಅವಳೊಂದಿಗೆ ಮಾತಾಡಲಿಲ್ಲ. ಒಬ್ಬ ಮಾತ್ರ ಹೋಗುತ್ತ, “ಹೆಸರು ಸರಿಯಾಗೇ ಇಟ್ಟಿದ್ವಿ,” ಎಂದ. ಪ್ರೆಸ್ಸಿನವಳು ಬಂದು ಒಂದು ಲೋಟ ನೀರು ಬೆಂಚಿನ ಮೇಲಿಟ್ಟು, ನಿಲ್ಲದೆ ಹೋದಳು.

ಕೊನೆಗೆ ಗಾಜಿನಾಚೆ ಯಾಕೆ ಸಾರ್ ತಟ್ಟನೆ ನಿಂತರು. ಒಂದು ಕೈ ಫೋನಿಗೆ, ಒಂದು ಕೈ ಹಣೆಗೆ. ಅವರು ಮಾತಾಡಿದ್ದು ಕೇಳಿಸಲಿಲ್ಲ. ಹೊರಗೆ ಬಂದು ಅವಳ ಪಕ್ಕದಲ್ಲೇ ಕುಸಿದು ಕೂತರು.

“ಮೇಲೆ ಹತ್ತಿದ್ರಂತೆ. ಕೂಗಿ ಇಳಿಸಿದ್ದಾರೆ. ಎಲ್ಲಾ ಇಳಿದಿದ್ದಾರೆ.”

ಅವಳಿಗೆ ಅಳು ಬರಲಿಲ್ಲ. ಉಸಿರು ಮಾತ್ರ ಬಂತು, ಬಹಳ ಹೊತ್ತು ನೀರೊಳಗಿದ್ದು ಮೇಲೆದ್ದವಳ ಹಾಗೆ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರು ತಮ್ಮ ಪ್ರಶ್ನೆ ತೆಗೆದರು. ದನಿಯಲ್ಲಿ ಸಿಟ್ಟಿತ್ತು. “ಯಾಕಮ್ಮ ಬಚ್ಚಿಟ್ಟೆ?”

“ಲೈನ್ ನಿಲ್ಲಬಾರದು ಅಂತ.”

“ಯಾಕೆ? ನಿಲ್ಲಿಸಿ ಅಂತ ತಾನೇ ಹಗ್ಗ ಕೊಟ್ಟಿದ್ದು?”

“ನಿಂತ್ರೆ ಗಾಡಿಯವರ ಮೇಲೆ ಬರುತ್ತೆ ಸಾರ್.”

“ಗಾಡಿ ಯಾಕೆ ತಡ ಆಗುತ್ತೆ?”

“ರಸ್ತೆ ಸಾರ್. ಒಂದಿನ ಇದ್ದ ಹಾಗೆ ಇನ್ನೊಂದಿನ ಇರಲ್ಲ.” ಅವಳು ತಲೆಯೆತ್ತಿದಳು. “ಅವರು ಹುಚ್ಚು ಹಿಡಿದವರ ಹಾಗೆ ಓಡಿಸಿಕೊಂಡು ಬರ್ತಿದ್ರು ಸಾರ್. ಒಬ್ಬರನ್ನ ಕೊಂದೇ ಬಿಡ್ತಿದ್ರು. ಇಲ್ಲಾಂದ್ರೆ ಅವರೇ ಹೋಗ್ತಿದ್ರು. ಆ ಗಾಡಿ ಓಡ್ಸೋದು ನಮ್ಮನೆಯವರು.”

ಯಾಕೆ ಸಾರ್‌ಗೆ ಅದು ಗೊತ್ತಿರಲಿಲ್ಲ. ಮತ್ತೊಂದು ಪ್ರಶ್ನೆ ಬಾಯಿಗೆ ಬಂದದ್ದನ್ನು ಅವರು ನುಂಗಿಕೊಂಡರು. “ನೀನು ಮಾಡಿದ್ದು ದೊಡ್ಡ ತಪ್ಪು,” ಎಂದರು ನಿಧಾನವಾಗಿ. “ಜನ ಸಾಯ್ತಿದ್ರು. ಅದನ್ನ ನಾನು ಸಣ್ಣದು ಮಾಡಿ ಹೇಳೋಕಾಗಲ್ಲ.”

“ಗೊತ್ತು ಸಾರ್.”

ಕೊಕ್ಕೆಗಳು ಒಂದೊಂದು ದಿಕ್ಕಿನಿಂದ ವಾಪಸು ಬಂದವು. ಎಣಿಸಿ ನೋಡಿದರೆ ಒಂದು ಕಡಿಮೆ. ಸೇತುವೆಯ ಪೆಟ್ಟಿಗೆಯಿಂದ ಒಂದು ಯಾರ ಕೈಗೋ ಹೋಗಿತ್ತು.

ಆ ಒಂದು ಸಿಗದ ದಿನಗಳಲ್ಲಿ ಅವಳು ಮನೆಯಲ್ಲೇ ಇದ್ದಳು, ಕೆಲಸದಿಂದ ದೂರ ಇಟ್ಟಿದ್ದರು. ಎಲ್ಲಾದರೂ ಯಾರಾದರೂ ಬಿದ್ದ ಸುದ್ದಿ ಟೀವಿಯಲ್ಲಿ ಬಂದರೆ ಎದ್ದು ನಿಲ್ಲುತ್ತಿದ್ದಳು. ಗಂಡನ ಫೋನು ಮೊಳಗಿದರೆ ಕೈಲಿದ್ದ ಪಾತ್ರೆ ಬೀಳುತ್ತಿತ್ತು. ಅತ್ತೆಗೆ ಪೂರ್ತಿ ವಿಷಯ ಹೇಳಿರಲಿಲ್ಲ. ಆದರೂ ಮುದುಕಿ ಬಂದು ಅವಳ ಪಕ್ಕ ಕೂತು, ಮಾತಿಲ್ಲದೆ ಅವಳ ತಲೆಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಒಂದು ದಿನ ಮಗಳು ಕೇಳಿದಳು, “ಅಮ್ಮ, ನೀನು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅಲ್ವಾ?” ಹೌದೆಂದಳು. “ಮತ್ತೆ ನಿನಗೆ ಹೆದರಿಕೆ ಆಗಲಿಲ್ವಾ?” “ಆಯ್ತು. ಹೇಳೋಕೂ ಆಯ್ತು, ಹೇಳದೇ ಇರೋಕೂ ಆಯ್ತು. ಯಾವುದು ಜಾಸ್ತಿ ಅನ್ನಿಸ್ತೋ ಅದರಿಂದ ಓಡಿ ಬಂದೆ, ಅಷ್ಟೇ.”

ಕೊನೆಗೆ ಆ ಕೊಕ್ಕೆ ಸಿಕ್ಕಿತು. ಒಬ್ಬ ವೆಲ್ಡರ್ ಅದನ್ನು ಬೆಲ್ಟಿಗೆ ಹಾಕಿರಲೇ ಇಲ್ಲ. ತನ್ನ ಊಟದ ಚೀಲವನ್ನು ನಾಯಿಗೆ ಸಿಗದ ಹಾಗೆ ಒಂದು ಕಂಬಿಗೆ ತೂಗುಹಾಕಲು ಬಳಸಿಕೊಂಡಿದ್ದ. ಕಾರ್ಖಾನೆಯಲ್ಲಿ ಅದನ್ನು ಯಂತ್ರಕ್ಕೆ ಕೊಟ್ಟು ಒತ್ತಿಸಿದರು. ಸಾವಿರಾರು ಸಲ ಒತ್ತಿದರೂ ಮುರಿಯಲಿಲ್ಲ. ಅದರೊಳಗಿದ್ದದ್ದು ಒಳ್ಳೆಯ ಸ್ಪ್ರಿಂಗೇ. ಪ್ರೆಸ್ಸಿನವಳು ಫೋನ್ ಮಾಡಿ ಇದನ್ನು ತಿಳಿಸಿದಾಗ ಅವಳು ನಕ್ಕಳು. ನಗು ನಿಲ್ಲಲಿಲ್ಲ. ಆಮೇಲೆ ಅದು ಅಳುವಾಯಿತು. ವಾಪಸು ಬಂದ ಉಳಿದವುಗಳಲ್ಲಿ ಹಾಗೆ ಒತ್ತಿಸಿದಾಗ ಎರಡು ಮುರಿದಿದ್ದವು ಎನ್ನುವುದನ್ನು ಪ್ರೆಸ್ಸಿನವಳು ಆಗ ಹೇಳಲಿಲ್ಲ. ಬಹಳ ದಿನ ಬಿಟ್ಟು ಹೇಳಿದಳು.

ಪೊಲೀಸರು ಬರಲಿಲ್ಲ. ಅವಳ ಕೆಲಸವೂ ಹೋಗಲಿಲ್ಲ, ಆದರೆ ಸ್ಪ್ರಿಂಗಿನ ಮೇಜಿಗೆ ಮತ್ತೆ ಕೂರಿಸಲಿಲ್ಲ. ಪೆಟ್ಟಿಗೆ ಕಟ್ಟುವ ಕಡೆ ಹಾಕಿದರು. ಎಷ್ಟೋ ಜನ ಅವಳೊಂದಿಗೆ ಮೊದಲಿನಂತೆ ಮಾತಾಡಲು ವರ್ಷ ಹಿಡಿಯಿತು, ಕೆಲವರು ಇವತ್ತಿಗೂ ಇಲ್ಲ. ಗೇಟಿನ ಬೊಟ್ಟಿನ ಬೋರ್ಡನ್ನು ಯಾಕೆ ಸಾರ್ ತಾವೇ ಕಿತ್ತುಹಾಕಿಸಿದರು. ಸ್ಪ್ರಿಂಗಿನ ಮೇಜಿಗೆ ಮೂರನೆಯ ಡಬ್ಬಿ ಬಂತು, ಅದಕ್ಕೂ ಚೀಟಿ, ಅದಕ್ಕೂ ಸರದಿ. ಒಂದು ಡಬ್ಬಿ ಹೆಚ್ಚು ಮಾಡಿಸಲು ಅವರು ಮೇಲಿನವರ ಜೊತೆ ಬಹಳ ಜಗಳವಾಡಿದರಂತೆ. ಅವರು ಎರಡು ವರ್ಷದ ನಂತರ ಬೇರೆ ಕಾರ್ಖಾನೆಗೆ ಹೋದರು. ಹೋಗುವಾಗ ಅವಳಿಗೆ ಹೇಳಿ ಹೋಗಲಿಲ್ಲ.

ಗಂಡನನ್ನು ಸ್ಪ್ರಿಂಗ್ ಶಾಪಿನ ಯಜಮಾನ ಕೆಲಸದಿಂದ ಬಿಡಿಸಿದ. ಕೆಲವು ತಿಂಗಳು ಅಲ್ಲಿ ಇಲ್ಲಿ ಅಲೆದು, ಈಗ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಆ ಗಾಡಿಗೆ ಜೋರಾಗಿ ಓಡುವ ಶಕ್ತಿಯೇ ಇಲ್ಲ ಎನ್ನುವುದು ಅವಳಿಗೆ ದೊಡ್ಡ ಸಮಾಧಾನ.

ಮೊನ್ನೆ ಮಗಳು ತಾನೂ ಗಾಡಿ ಕಲಿಯಬೇಕೆಂದು ಹಟ ಹಿಡಿದಳು. ಅವನು ಪರಿಚಯದವರ ಹಳೆಯ ಕಾರೊಂದನ್ನು ಕೇಳಿ ತಂದು, ರಜೆಯ ದಿನ ಬೆಳಿಗ್ಗೆ ಖಾಲಿ ಮೈದಾನಕ್ಕೆ ಕರೆದೊಯ್ದ. ಟಕ್ಕಕ್ಕ ತಾನೂ ಬಂದೇ ತೀರುತ್ತೇನೆಂದು ಹೋಗಿ ಹಿಂದಿನ ಸೀಟಿನಲ್ಲಿ ಕೂತಳು. ಎರಡೂ ಕೈಯಿಂದ ಮುಂದಿನ ಸೀಟನ್ನು ಅಪ್ಪಿ ಹಿಡಿದು ಕಣ್ಣು ಮುಚ್ಚಿದಳು.

“ನಿಧಾನಕ್ಕೆ ಕಣೇ, ನಿಧಾನಕ್ಕೆ!”

ಮಗಳು ಕನ್ನಡಿಯಲ್ಲಿ ನೋಡಿ ಹೇಳಿದಳು, “ಅಮ್ಮಾ, ಕಣ್ಣು ಬಿಡು. ಇನ್ನೂ ಸ್ಟಾರ್ಟೇ ಮಾಡಿಲ್ಲ.”